ಎಸ್ಸೆಲ್‌ವರ್ಲ್ಡ್ ಮುಚ್ಚಿತು, ಸಂಘಗಳ ವಿಹಾರಕೂಟ ಇನ್ನು ಯಾರಿಗಾಗಿ?

ಮುಂಬಯಿಯ ಕನ್ನಡ ಸಂಘಗಳ ವಾರ್ಷಿಕ ಕಾರ್ಯಕ್ರಮ ಪಟ್ಟಿಯಲ್ಲಿ ಅರಸಿನ ಕುಂಕುಮ, ಪ್ರತಿಭಾ ಪುರಸ್ಕಾರ, ಮಹಾಸಭೆ, ವಾರ್ಷಿಕೋತ್ಸವ ಇವುಗಳ ನಡುವೆ ಸದ್ದಿಲ್ಲದೆ ಕುಳಿತಿರುವ ಒಂದು ಸಾಲು ‘ವಿಹಾರಕೂಟ’. ಪತ್ರಿಕೆಗಳಲ್ಲಿ ಅದರ ವರದಿ ಬಂದರೂ ನಾಲ್ಕು ಸಾಲು, ಒಂದು ಗುಂಪು ಚಿತ್ರ, ಅಲ್ಲಿಗೆ ಮುಗಿಯಿತು. ಆದರೆ ಸದಸ್ಯರ ಮನೆಯ ಮಕ್ಕಳು ಯಾರೂ ಒತ್ತಾಯಿಸದೆ, ಬೆಳಿಗ್ಗೆ ತಾವೇ ಎದ್ದು ಸಿದ್ಧರಾಗಿ ಬರುವ ಕಾರ್ಯಕ್ರಮ ಸಂಘದಲ್ಲಿ ಯಾವುದಾದರೂ ಇದ್ದರೆ ಅದು ಇದೊಂದೇ. ಯುವಜನರು ಸಂಘದತ್ತ ಸುಳಿಯುವುದಿಲ್ಲ ಎಂದು ವೇದಿಕೆಯ ಮೇಲಿನಿಂದ ಕೊರಗುವ ಪದಾಧಿಕಾರಿಗಳು ಈ ಒಂದು ದಿನವನ್ನು ಹಗುರವಾಗಿ ಕಾಣುವಂತಿಲ್ಲ. ಆ ದಿನ ಈಗ ಕೈತಪ್ಪುತ್ತಿದೆ.

ಉಪನಗರಗಳ ಸಂಘಗಳಿಗೆ ಮೂವತ್ತು ವರ್ಷಗಳ ಕಾಲ ವಿಹಾರಕೂಟ ಎಂದರೆ ಗೊರಾಯಿಯ ಎಸ್ಸೆಲ್‌ವರ್ಲ್ಡ್. ಸುಭಾಷ್‌ಚಂದ್ರ ಅವರ ಎಸ್ಸೆಲ್ ಸಮೂಹ 1989ರಲ್ಲಿ ಇದನ್ನು ತೆರೆದಾಗ ಝೀ ಟಿವಿ ಇನ್ನೂ ಹುಟ್ಟಿರಲಿಲ್ಲ. ದೂರದರ್ಶನದಲ್ಲಿ ಬರುತ್ತಿದ್ದ, ಮನೆಗೆ ಬರಲೊಲ್ಲೆನೆಂದು ಹಟ ಹಿಡಿಯುವ ಆ ಜಾಹೀರಾತಿನ ಹಾಡು ಡೊಂಬಿವಲಿಯಿಂದ ಕೊಲಾಬಾವರೆಗೆ ಪ್ರತಿಯೊಂದು ಮಗುವಿಗೂ ಬಾಯಿಪಾಠವಾಗಿತ್ತು. ಬೊರಿವಲಿ ನಿಲ್ದಾಣದಲ್ಲಿ ಇಳಿದು ಗೊರಾಯಿ ಖಾರಿಗೆ ಬಸ್ಸು, ಇಲ್ಲವೇ ಮಲಾಡಿನಿಂದ ಮಾರ್ವೆ ದಡ; ಅಲ್ಲಿಂದ ಲಾಂಚು. ಸಮುದ್ರದಂಡೆಯಲ್ಲೇ ಹುಟ್ಟಿ ಬೆಳೆದು ಇಲ್ಲಿ ಬಂದು ಹೊಟೇಲಿನ ಒಲೆಯ ಮುಂದೆ ವರ್ಷ ಕಳೆಯುತ್ತಿದ್ದ ಕರಾವಳಿಯವರಿಗೆ ಆ ಹತ್ತು ನಿಮಿಷದ ನೀರಿನ ಪಯಣವೇ ಅರ್ಧ ವಿಹಾರವಾಗಿತ್ತು. 1998ರಲ್ಲಿ ಪಕ್ಕದಲ್ಲೇ ವಾಟರ್ ಕಿಂಗ್‌ಡಮ್ ಬಂತು. 2018ರಲ್ಲಿ ಪಕ್ಷಿಧಾಮವೊಂದು ಸೇರಿಕೊಂಡಿತು. ಝಿಪ್ಪರ್ ಡಿಪ್ಪರ್ ಎಂಬ ರೋಲರ್ ಕೋಸ್ಟರ್, ಎತ್ತರಕ್ಕೆ ಒಯ್ದು ಧೊಪ್ಪನೆ ಕೆಳಗಿಳಿಸುವ ಶಾಟ್ ಎನ್ ಡ್ರಾಪ್, ಬೌಲಿಂಗ್, ಮುಂಬಯಿಯ ಸೆಕೆಯಲ್ಲಿ ಹಿಮದ ಮೇಲೆ ಜಾರುವ ಸ್ಕೇಟಿಂಗ್ ಅಂಗಣ ಇವೆಲ್ಲ ಒಂದೇ ಆವರಣದಲ್ಲಿದ್ದವು.

2020ರ ಮಾರ್ಚ್‌ನ ಲಾಕ್‌ಡೌನ್ ಎಲ್ಲ ಪಾರ್ಕುಗಳ ಬಾಗಿಲು ಹಾಕಿಸಿತು. ವಾಟರ್ ಕಿಂಗ್‌ಡಮ್ ಮತ್ತೆ ತೆರೆದುಕೊಂಡಿತು. ಆದರೆ ಎಸ್ಸೆಲ್‌ವರ್ಲ್ಡ್ 2022ರಲ್ಲಿ ಮುಚ್ಚಿತು. ದಿಲ್ಲಿಯ ಕನ್ನಡಿಗರಿಗೆ ಇದು ಹೊಸ ಅನುಭವವೇನಲ್ಲ. ಪ್ರಗತಿ ಮೈದಾನದ ಬಳಿ 1984ರಲ್ಲಿ ಆರಂಭವಾದ ಅಪ್ಪುಘರ್ 2008ರಲ್ಲಿ ಮುಚ್ಚಿತು. ನಗರ ಬೆಳೆದಂತೆ ಭೂಮಿಗೆ ಬೇರೆ ಬೇಡಿಕೆ ಬರುತ್ತದೆ, ತೊಟ್ಟಿಲು ತಿರುಗುವ ಜಾಗಕ್ಕೆ ನಗರದ ನಡುವೆ ಉಳಿಗಾಲವಿಲ್ಲ. ಪಾರ್ಕುಗಳು ಹೆದ್ದಾರಿ ಹಿಡಿದು ಊರ ಹೊರಗೆ ಹೋಗಿವೆ. ಈಗ ‘ದೊಡ್ಡ ಪಾರ್ಕ್’ ಎಂದರೆ ಮುಂಬಯಿಗರ ಕಣ್ಣು ತಿರುಗುವುದು ಖೊಪೋಲಿಯತ್ತ.

ಖೊಪೋಲಿಯ ಇಮ್ಯಾಜಿಕಾದ ಬಗ್ಗೆ ತುಳು-ಕನ್ನಡಿಗರಿಗೆ ಒಂದು ವಿಶೇಷ ಅಭಿಮಾನವಿದೆ, ಅದಕ್ಕೆ ಕಾರಣವೂ ಇದೆ. ಅದನ್ನು ಕಟ್ಟಿದವರು ಕರಾವಳಿ ಮೂಲದ ಮನಮೋಹನ ಶೆಟ್ಟಿ. ಚಲನಚಿತ್ರಗಳ ರೀಲು ಸಂಸ್ಕರಿಸುವ ಆ್ಯಡ್‌ಲ್ಯಾಬ್ಸ್ ಪ್ರಯೋಗಾಲಯದಿಂದ ಆರಂಭಿಸಿ, ‘ಅರ್ಧ್ ಸತ್ಯ’ದಂಥ ಚಿತ್ರದ ನಿರ್ಮಾಣದಲ್ಲಿ ಪಾಲುಗೊಂಡು, ವಡಾಲದಲ್ಲಿ ಗುಮ್ಮಟದಾಕಾರದ ಐಮ್ಯಾಕ್ಸ್ ಚಿತ್ರಮಂದಿರ ನಿಲ್ಲಿಸಿ, ಆಮೇಲೆ ಆ ಉದ್ಯಮವನ್ನು ಅನಿಲ್ ಅಂಬಾನಿ ಸಮೂಹಕ್ಕೆ ಬಿಟ್ಟುಕೊಟ್ಟು ಅವರು ಕೈಹಾಕಿದ್ದು ಈ ಪಾರ್ಕಿಗೆ. 2013ರ ಏಪ್ರಿಲ್‌ನಲ್ಲಿ ಆ್ಯಡ್‌ಲ್ಯಾಬ್ಸ್ ಇಮ್ಯಾಜಿಕಾ ತೆರೆಯಿತು. ಮುಂದಿನ ವರ್ಷ ವಾಟರ್ ಪಾರ್ಕ್, ಆಮೇಲೆ ಹೊಟೇಲು, ಸ್ನೋ ಪಾರ್ಕ್ ಜೊತೆಗೂಡಿದವು.

ಸಿನಿಮಾ ಬಲ್ಲ ಮನುಷ್ಯ ಕಟ್ಟಿದ ಪಾರ್ಕ್ ಎನ್ನುವುದು ಅಲ್ಲಿನ ಸವಾರಿಗಳಲ್ಲೇ ಕಾಣುತ್ತದೆ. ‘ಮಿಸ್ಟರ್ ಇಂಡಿಯಾ’ ಚಿತ್ರದ ಹೆಸರಿನಲ್ಲೊಂದು ಸವಾರಿ ಇದೆ. ‘ಐ ಫಾರ್ ಇಂಡಿಯಾ’ದಲ್ಲಿ ಕುರ್ಚಿಯಲ್ಲಿ ಕುಳಿತು ಕಾಲು ಜೋತುಬಿಟ್ಟು ದೇಶವನ್ನೆಲ್ಲ ಆಕಾಶದಿಂದ ನೋಡಬಹುದು. ‘ಡೀಪ್ ಸ್ಪೇಸ್’ ಕಗ್ಗತ್ತಲೆಯಲ್ಲಿ ಓಡುವ ರೋಲರ್ ಕೋಸ್ಟರ್. ‘ರಾಜಾಸಾರಸ್’ ನೀರಿನ ಸವಾರಿಗೆ ಹೆಸರು ಕೊಟ್ಟ ಡೈನೊಸಾರ್ ಕಟ್ಟುಕತೆಯದಲ್ಲ, ಗುಜರಾತಿನಲ್ಲಿ ಅದರ ಎಲುಬು ಸಿಕ್ಕಿ 2003ರಲ್ಲಿ ವಿಜ್ಞಾನಿಗಳು ಹೆಸರಿಟ್ಟ ಪ್ರಾಣಿ. ಎಲ್ಲಕ್ಕಿಂತ ಮೇಲೆ ‘ನೈಟ್ರೊ’. ಕಾಲ ಕೆಳಗೆ ನೆಲವೇ ಇಲ್ಲದ ಈ ಕೋಸ್ಟರನ್ನು ತಯಾರಿಸಿದ್ದು ಸ್ವಿಜರ್‌ಲ್ಯಾಂಡಿನ ಕಂಪೆನಿ. ಸುಮಾರು 130 ಅಡಿ ಎತ್ತರಕ್ಕೆ ಸರಪಳಿ ಎಳೆದೊಯ್ದು ಬಿಟ್ಟರೆ ಮುಂದೆ ಎಂಜಿನ್ ಎಂಬುದಿಲ್ಲ, ಭೂಮಿಯ ಸೆಳೆತವೇ ಗಂಟೆಗೆ ನೂರು ಕಿಲೋಮೀಟರಿನ ವೇಗ ಕೊಟ್ಟು ಐದು ಬಾರಿ ತಲೆಕೆಳಗು ಮಾಡಿ ತಂದಿಳಿಸುತ್ತದೆ.

ಆದರೆ ಅಭಿಮಾನದಿಂದ ಬ್ಯಾಂಕಿನ ಕಂತು ತೀರುವುದಿಲ್ಲ. ಸಾಲದ ಮೇಲೆ ನಿಂತ ಬೃಹತ್ ಯೋಜನೆ, ಎಣಿಸಿದಷ್ಟು ಬಾರದ ಜನ, ಅದರ ಮೇಲೆ ಕೊರೊನಾ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಪಾರ್ಕುಗಳ ಪ್ರವೇಶಕ್ಕೆ ಶೇ. 28 ತೆರಿಗೆ ಬಿತ್ತು, 2018ರ ಜನವರಿಯಲ್ಲಿ ಅದು ಶೇ. 18ಕ್ಕೆ ಇಳಿಯಿತು. ಕೊನೆಗೆ 2022ರಲ್ಲಿ ಲೋಣಾವಳ ಮತ್ತು ಶಿರ್ಡಿಗಳಲ್ಲಿ ಪಾರ್ಕು ನಡೆಸುತ್ತಿದ್ದ ಸಂಗಮನೇರಿನ ಮಾಲ್ಪಾಣಿ ಸಮೂಹದ ಕೈಗೆ ಇಮ್ಯಾಜಿಕಾ ಹೋಯಿತು. ಗೊರಾಯಿ ಮುಚ್ಚಿದ ವರ್ಷವೇ ಖೊಪೋಲಿ ಕೈಬದಲಾಯಿತು. ಸಂಘಗಳ ಪಾಲಿಗೆ ಎರಡು ಹಳೆಯ ಬಾಗಿಲುಗಳೂ ಒಂದೇ ವರ್ಷದಲ್ಲಿ ಹಳೆಯದಾಗಿ ಉಳಿಯಲಿಲ್ಲ ಎನ್ನಬೇಕು. ಹೊಸ ಮಾಲೀಕರು ಪಾರ್ಕನ್ನು ಸಾಲದಿಂದ ಮೇಲೆತ್ತಿದ್ದು ಒಳ್ಳೆಯದೇ. ಆದರೆ ‘ನಮ್ಮವರ ಪಾರ್ಕ್’ ಎಂದು ಫೋನು ಮಾಡಿ ರಿಯಾಯಿತಿ ಕೇಳುವ ಸಲಿಗೆ ಈಗ ನಡೆಯುವುದಿಲ್ಲ ಎಂಬುದನ್ನು ಪದಾಧಿಕಾರಿಗಳು ಅರಿತುಕೊಳ್ಳುವುದು ಲೇಸು.

ಇಲ್ಲಿಯೇ ಲೆಕ್ಕ ತಪ್ಪುತ್ತಿರುವುದು. ಖೊಪೋಲಿಗೆ ಲೋಕಲ್ ರೈಲಿನಲ್ಲಿ ಹೋದರೂ ಪಾರ್ಕು ನಿಲ್ದಾಣದ ಪಕ್ಕದಲ್ಲಿಲ್ಲ. ಬಸ್ಸು ಬಾಡಿಗೆಗೆ ಹಿಡಿಯಬೇಕು, ಬೆಳಿಗ್ಗೆ ಆರಕ್ಕೆ ಹೊರಟರೆ ರಾತ್ರಿ ಹತ್ತಕ್ಕೆ ಮನೆ. ತಲೆಗೆ ಸಾವಿರ ಮೀರುವ ಪ್ರವೇಶ ದರ, ಬಸ್ಸು, ಊಟ ಎಲ್ಲ ಕೂಡಿಸಿದರೆ ಗಂಡ, ಹೆಂಡತಿ, ಇಬ್ಬರು ಮಕ್ಕಳ ಒಂದು ಸಂಸಾರಕ್ಕೆ ಬೀಳುವ ಮೊತ್ತ ಹೊಟೇಲಿನ ವೇಟರನೊಬ್ಬನಿಗೆ ಎಣಿಸಿ ನೋಡಲೂ ಧೈರ್ಯ ಬಾರದಷ್ಟು. ಸುತ್ತೋಲೆ ಬರುತ್ತದೆ, ಅವನು ಓದುತ್ತಾನೆ, ‘ಆ ದಿನ ಡ್ಯೂಟಿ ಇದೆ’ ಎನ್ನುತ್ತಾನೆ. ಸಮಿತಿಯವರು ಅದನ್ನು ನಂಬುತ್ತಾರೆ. ಹೀಗೆ ಎರಡು ಮೂರು ವರ್ಷ ಡ್ಯೂಟಿ ಇದ್ದವನು ನಾಲ್ಕನೆಯ ವರ್ಷ ಮಹಾಸಭೆಗೂ ಬರುವುದಿಲ್ಲ. ಸದಸ್ಯತ್ವ ನವೀಕರಣವಾಗಲಿಲ್ಲ ಎಂದು ಕಾರ್ಯದರ್ಶಿಯ ವರದಿಯಲ್ಲಿ ಒಂದು ವಾಕ್ಯ ಸೇರುತ್ತದೆ.

ಒಂದು ಕಾಲಕ್ಕೆ ಈ ನಗರದ ಕನ್ನಡ ಸಂಸ್ಥೆಗಳು ಹಗಲು ಹೊಟೇಲಿನಲ್ಲಿ ದುಡಿದ ಹುಡುಗರಿಗಾಗಿ ರಾತ್ರಿ ಶಾಲೆ ನಡೆಸಿದವು. ಆ ಶಾಲೆಗಳಲ್ಲಿ ಕಲಿತು ಮೇಲೆ ಬಂದವರೇ ಇಂದು ಅನೇಕ ಸಂಘಗಳ ಮಹಾಪೋಷಕರು. ಅವರ ದೇಣಿಗೆ ಇಂದು ಎಲ್ಲಿ ಖರ್ಚಾಗುತ್ತಿದೆ? ಶಾಲು, ಹಾರ, ಸ್ಮರಣಿಕೆ, ವೇದಿಕೆಯ ಹಿಂದಿನ ಭಾರೀ ಬ್ಯಾನರು. ಒಂದು ವಾರ್ಷಿಕೋತ್ಸವದ ಶಾಲುಗಳ ಹಣದಲ್ಲಿ ಹತ್ತು ಮಂದಿ ಹೊಟೇಲು ಕಾರ್ಮಿಕರನ್ನು ಪರಿವಾರ ಸಮೇತ ವಿಹಾರಕ್ಕೆ ಕರೆದೊಯ್ಯಬಹುದು ಎಂದರೆ ಶಾಲು ಹೊದೆಸಿಕೊಂಡವರು ಯಾರೂ ಬೇಸರಿಸಲಾರರು. ಹೆಸರು ಹೇಳಿ ‘ಬಡ ಸದಸ್ಯರಿಗೆ ಉಚಿತ’ ಎಂದು ಸಾರುವ ಅಗತ್ಯವಿಲ್ಲ, ಹಾಗೆ ಸಾರಿದರೆ ಸ್ವಾಭಿಮಾನವಿರುವವನು ಬರುವುದೂ ಇಲ್ಲ. ಎಲ್ಲರಿಗೂ ಒಂದೇ ಕಡಿಮೆ ದರ ನಿಗದಿಪಡಿಸಿ, ಉಳಿದುದನ್ನು ಸಂಘ ತುಂಬಿದರಾಯಿತು. ಉಳ್ಳವರು ಬೇಕಾದರೆ ಪೂರ್ಣ ದರ ಕೊಡಲಿ.

ಮಹಿಳಾ ವಿಭಾಗದವರ ಪಾಡು ಇನ್ನೊಂದು ಬಗೆಯದು. ವಾಟರ್ ಪಾರ್ಕಿನ ನೀರಿಗೆ ಸೀರೆ, ಹತ್ತಿಯ ಉಡುಪು ಉಟ್ಟು ಇಳಿಯುವಂತಿಲ್ಲ. ಇದರಲ್ಲಿ ಪಾರ್ಕಿನವರ ತಪ್ಪೇನೂ ಇಲ್ಲ, ಸೀರೆಯ ಸೆರಗು ಜಾರುಬಂಡಿಯ ಜೋಡಣೆಗೆ ಸಿಕ್ಕರೆ ಅನಾಹುತ, ಹತ್ತಿಯ ನೂಲು ನೀರು ಸೋಸುವ ಯಂತ್ರಕ್ಕೆ ಸೇರಿದರೂ ತೊಂದರೆ. ನೈಲಾನ್ ಉಡುಪು ಬಾಡಿಗೆಗೆ ಸಿಗುತ್ತದೆ. ಆದರೆ ಅರುವತ್ತು ದಾಟಿದ ಹೆಂಗಸೊಬ್ಬಳು ಇಡೀ ಸಂಘದ ಎದುರು, ಅಳಿಯ ಬೀಗರ ಎದುರು, ಮೊಣಕಾಲಿನ ತನಕದ ನೈಲಾನ್ ಉಡುಪು ತೊಟ್ಟು ನೀರಿಗಿಳಿಯುವಳೆಂದು ಯಾವ ಸಮಿತಿ ಎಣಿಸಿತು? ಆಕೆ ಪೂರ್ಣ ಟಿಕೇಟಿನ ಹಣ ಕೊಟ್ಟು, ಪ್ಲಾಸ್ಟಿಕ್ ಕುರ್ಚಿಯೊಂದರಲ್ಲಿ ಕುಳಿತು, ಎಂಟು ಮಂದಿಯ ಮೊಬೈಲು, ಕನ್ನಡಕ, ಒದ್ದೆ ಟವೆಲು, ಚಪ್ಪಲಿ ಕಾಯುತ್ತಾಳೆ. ಸಂಜೆ ‘ಹೇಗಾಯಿತಮ್ಮಾ’ ಎಂದರೆ ‘ಮಕ್ಕಳು ಖುಷಿಯಾಗಿದ್ದರು’ ಎನ್ನುತ್ತಾಳೆ. ವಿಹಾರಕೂಟದ ವರದಿಯಲ್ಲಿ ‘ಮಹಿಳೆಯರು ಬಹುಸಂಖ್ಯೆಯಲ್ಲಿ ಪಾಲ್ಗೊಂಡರು’ ಎಂದು ಅಚ್ಚಾಗುವುದು ಇವರನ್ನೂ ಸೇರಿಸಿಯೇ.

ಇದಕ್ಕೆ ದಾರಿಯಿಲ್ಲವೆಂದಲ್ಲ. ಮೈಮುಚ್ಚುವ ಪೂರ್ಣ ತೋಳಿನ, ಪಾದದವರೆಗಿನ ಈಜುಡುಪುಗಳು ಅಂಗಡಿಗಳಲ್ಲಿ ಸಿಗುತ್ತವೆ. ಮಹಿಳಾ ವಿಭಾಗ ಮುಂಚಿತವಾಗಿ ಪಾರ್ಕಿನವರನ್ನು ವಿಚಾರಿಸಿ, ಒಟ್ಟಿಗೆ ತರಿಸಿಕೊಂಡರೆ ಸಂಕೋಚ ಅರ್ಧ ಕಳೆಯುತ್ತದೆ. ಹತ್ತು ಮಂದಿ ಒಂದೇ ಬಗೆಯ ಉಡುಪಿನಲ್ಲಿ ನಿಂತರೆ ಯಾರೂ ಯಾರನ್ನೂ ನೋಡುವುದಿಲ್ಲ. ಬ್ಯಾಗಿಗೆ ಲಾಕರು ಇದೆ. ಅದರ ಬಾಡಿಗೆ ಸಂಘವೇ ಕೊಡಲಿ.

ಊಟದ ಮಾತು ಬಂದರೆ ನಗಬೇಕೋ ಅಳಬೇಕೋ ತಿಳಿಯದು. ಇಡೀ ಮುಂಬಯಿಗೆ ಇಡ್ಲಿ ದೋಸೆ ಉಣ್ಣಿಸಿದ ಸಮಾಜ ಇದು. ಗೊರಾಯಿಯ ದಿನಗಳಿಗಿಂತ ಹಿಂದೆ ವಿಹಾರಕೂಟವೆಂದರೆ ಸಂಘದ ಹೊಟೇಲು ಮಾಲೀಕರೊಬ್ಬರ ಟೆಂಪೋದಲ್ಲಿ ಉಪ್ಪಿಟ್ಟು, ಶಿರಾ, ಬನ್ಸು, ಮಧ್ಯಾಹ್ನಕ್ಕೆ ಅನ್ನ, ಸಾರು, ಪಾಯಸ ಎಲ್ಲ ಹೊರಟು ಬರುತ್ತಿತ್ತು. ಈಗ ಪಾರ್ಕುಗಳ ಗೇಟಿನಲ್ಲಿ ಚೀಲ ಬಿಚ್ಚಿ ನೋಡುತ್ತಾರೆ, ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ. ಅಡುಗೆಯಿಂದಲೇ ಬದುಕು ಕಟ್ಟಿಕೊಂಡವರು ಅಲ್ಲಿ ಕೂಪನು ಹಿಡಿದು ಸಾಲಿನಲ್ಲಿ ನಿಂತು ತಣ್ಣಗಿನ ಪಿಜ್ಜಾ ತುಂಡು ತಿನ್ನುತ್ತಾರೆ. ದೊಡ್ಡ ಗುಂಪಾದರೆ ಊಟದ ವ್ಯವಸ್ಥೆಯನ್ನು ಮೊದಲೇ ಮಾತಾಡಿಕೊಳ್ಳಬಹುದು. ಕಡೆಗೆ ದಾರಿಯಲ್ಲಿ ಪನ್ವೇಲಿನ ಬಳಿ ಬಸ್ಸು ನಿಲ್ಲಿಸಿ ಬೆಳಗಿನ ಉಪಾಹಾರವನ್ನಾದರೂ ನಮ್ಮವರ ಕೈಯಡುಗೆಯಲ್ಲಿ ಮುಗಿಸಬಹುದು. ಮಧುಮೇಹದ ಹಿರಿಯರಿಗೆ ಹೊತ್ತು ಹೊತ್ತಿಗೆ ತಿನ್ನಲು ಬೇಕು ಎಂಬುದನ್ನು ಗೇಟಿನ ಕಾವಲುಗಾರನಿಗೆ ಅಂದೇ ವಿವರಿಸುವುದಕ್ಕಿಂತ ವಾರ ಮೊದಲು ಪತ್ರ ಬರೆದು ಒಪ್ಪಿಸುವುದು ಸುಲಭ.

ಇಷ್ಟೆಲ್ಲ ತಾಪತ್ರಯವೇಕೆ, ಕರ್ಜತಿನ ಯಾವುದಾದರೂ ರೆಸಾರ್ಟ್ ಹಿಡಿದರಾಯಿತು ಎಂಬ ವಾದ ಕಾರ್ಯಕಾರಿ ಸಮಿತಿಗಳಲ್ಲಿ ಕೇಳುತ್ತಿದೆ. ಹಲವು ಸಂಘಗಳು ಹಾಗೆ ಮಾಡಿಯೂ ಇವೆ. ಲಿಂಬೆ ಚಮಚ, ಸಂಗೀತ ಕುರ್ಚಿ, ಹೌಸಿ, ಹಗ್ಗಜಗ್ಗಾಟ, ಸಂಜೆಗೆ ಡಿಜೆ. ಹಿರಿಯರಿಗೆ ಅದು ಹಿತ, ಖರ್ಚೂ ಹಿಡಿತದಲ್ಲಿರುತ್ತದೆ. ಆದರೆ ಹದಿನಾರರ ಹುಡುಗನಿಗೆ ಲಿಂಬೆ ಚಮಚದಲ್ಲಿ ಏನಿದೆ? ಅವನು ಒಂದು ವರ್ಷ ಬಂದಾನು, ಮರುವರ್ಷ ಕ್ಲಾಸಿದೆ ಎಂದಾನು. ರೋಲರ್ ಕೋಸ್ಟರಿನ ಸಾಲಿನಲ್ಲಿ ಒಂದು ಗಂಟೆ ಕಾಯಬೇಕಾಗುತ್ತದೆ, ಆ ಸಾಲಿನಲ್ಲೇ ಮುಲುಂಡಿನ ಹುಡುಗಿಗೂ ಕಾಂದಿವಲಿಯ ಹುಡುಗನಿಗೂ ಪರಿಚಯವಾಗುತ್ತದೆ, ಯಾರ ಊರು ಯಾವುದು, ಯಾರ ಅಜ್ಜಿಮನೆ ಎಲ್ಲಿ ಎಂಬ ಮಾತು ಬರುತ್ತದೆ. ಮಾತು ಹಿಂದಿಯಲ್ಲೇ ಆರಂಭವಾಗಲಿ, ಇಂಗ್ಲಿಷಿನಲ್ಲೇ ಮುಂದುವರಿಯಲಿ. ಭಯವಾದಾಗ ‘ಅಯ್ಯೋ ಅಮ್ಮಾ’ ಎಂಬುದು ಮನೆಯ ಭಾಷೆಯಲ್ಲೇ ಬಂದೀತು. ಭಾಷಾ ಸಮ್ಮೇಳನದ ಮೂರು ಗೋಷ್ಠಿಗಳು ಮಾಡಲಾರದ್ದನ್ನು ಆ ಸಾಲು ಮಾಡುತ್ತದೆ. ಪಾರ್ಕನ್ನು ‘ಇಂದಿನ ಮಕ್ಕಳ ಶೋಕಿ’ ಎಂದು ತಳ್ಳಿಹಾಕುವ ಹಿರಿಯರು ಇದನ್ನು ಗಮನಿಸಬೇಕು.

ಇನ್ನು ಸುರಕ್ಷೆ. ಇದನ್ನು ಹಗುರವಾಗಿ ಬಿಡುವಂತಿಲ್ಲ. 2019ರ ಜುಲೈಯಲ್ಲಿ ಅಹಮದಾಬಾದಿನ ಕಾಂಕರಿಯಾದಲ್ಲಿ ತೂಗಾಡುವ ಸವಾರಿಯೊಂದು ಮುರಿದು ಬಿದ್ದು ಇಬ್ಬರು ಸತ್ತರು, ಇಪ್ಪತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು. 2025ರ ಏಪ್ರಿಲ್‌ನಲ್ಲಿ ದಿಲ್ಲಿಯ ಪಾರ್ಕೊಂದರಲ್ಲಿ ರೋಲರ್ ಕೋಸ್ಟರಿನಿಂದ ಬಿದ್ದು ಯುವತಿಯೊಬ್ಬಳು ಪ್ರಾಣ ಕಳೆದುಕೊಂಡಳು. ಪಿಂಜೋರಿನಲ್ಲಿ 2018ರಲ್ಲಿ, ಹೈದರಾಬಾದಿನಲ್ಲಿ 2020ರಲ್ಲಿ ಗೋ-ಕಾರ್ಟಿನ ಚಕ್ರಕ್ಕೆ ತಲೆಗೂದಲು ಸಿಕ್ಕಿ ಸಾವು ಸಂಭವಿಸಿತು. ಮನರಂಜನಾ ಸವಾರಿಗಳ ಸುರಕ್ಷೆಗೆಂದು ಭಾರತೀಯ ಮಾನಕ ಸಂಸ್ಥೆಯ ಮಾನದಂಡಗಳಿವೆ. ಪರವಾನಗಿ, ತಪಾಸಣೆ ಮಾತ್ರ ರಾಜ್ಯ ಮತ್ತು ಸ್ಥಳೀಯ ಆಡಳಿತದ ಕೈಯಲ್ಲಿದ್ದು ಒಂದೊಂದು ಊರಿನಲ್ಲಿ ಒಂದೊಂದು ಬಗೆ. ನುರಿತ ಕಂಪೆನಿಯ ಕೋಸ್ಟರಿನಲ್ಲಿ ಹಳಿಯ ಮೇಲೆ, ಪಕ್ಕಕ್ಕೆ, ಅಡಿಗೆ ಹೀಗೆ ಮೂರು ಕಡೆ ಚಕ್ರಗಳು ಹಳಿಯನ್ನು ಹಿಡಿದಿರುತ್ತವೆ, ಒಂದು ಗಾಡಿ ದಾಟುವ ತನಕ ಇನ್ನೊಂದನ್ನು ಆ ಭಾಗಕ್ಕೆ ಬಿಡದ ಏರ್ಪಾಡು ಇರುತ್ತದೆ. ಅಪಾಯ ಹೆಚ್ಚಾಗಿ ಕಾಡುವುದು ನಿಗಾ ಕಡಿಮೆಯಾದ ಕಡೆ, ಇವತ್ತು ಎದ್ದು ನಾಡಿದ್ದು ಇಳಿಯುವ ಜಾತ್ರೆಯ ತೊಟ್ಟಿಲುಗಳಲ್ಲಿ, ಬಿಚ್ಚಿ ಜೋಡಿಸಿ ಸವೆದ ಬೋಲ್ಟುಗಳಲ್ಲಿ.

ಸಂಘದ ಪದಾಧಿಕಾರಿಗಳು ಎಂಜಿನಿಯರರಲ್ಲ, ಬೋಲ್ಟು ನೋಡಲು ಅವರಿಂದಾಗದು. ಅವರಿಂದ ಆಗುವುದು ಬೇರೆ ಇದೆ. ಗುಂಪು ಬುಕ್ಕಿಂಗ್ ಮಾಡುವಾಗ ಸವಾರಿಗಳ ತಪಾಸಣಾ ಪತ್ರ, ವಿಮೆ, ಆವರಣದೊಳಗಿನ ಆಂಬುಲೆನ್ಸ್ ಬಗ್ಗೆ ಲಿಖಿತವಾಗಿ ಕೇಳಬಹುದು. ನೂರು ಮಂದಿಯನ್ನು ಕರೆತರುವ ಸಂಘ ಕೇಳಿದರೆ ಉತ್ತರ ಬಂದೇ ಬರುತ್ತದೆ. ಬಾರದಿದ್ದರೆ ಆ ಪಾರ್ಕು ಬೇಡ. ರಕ್ತದೊತ್ತಡ, ಹೃದಯದ ತೊಂದರೆ, ಬೆನ್ನುನೋವು ಇರುವವರು, ಗರ್ಭಿಣಿಯರು ಯಾವುದನ್ನು ಏರಬಾರದು ಎಂಬುದನ್ನು ಬಸ್ಸಿನಲ್ಲೇ ಕನ್ನಡದಲ್ಲಿ ಓದಿ ಹೇಳಬಹುದು. ಗೇಟಿನ ಬಳಿಯ ಇಂಗ್ಲಿಷ್ ಫಲಕವನ್ನು ಓದಿ ಒಳಗೆ ಹೋಗುವವರು ಎಷ್ಟು ಮಂದಿ? ದುಪಟ್ಟಾ ಕಟ್ಟಿಕೊಳ್ಳಿ, ಕೂದಲು ಬಿಗಿದುಕೊಳ್ಳಿ, ಮೊಬೈಲು ಕೈಯಲ್ಲಿ ಹಿಡಿದು ಏರಬೇಡಿ ಎಂದು ಯುವ ವಿಭಾಗದವರೊಬ್ಬರು ಹೇಳಿದರೆ ಮಕ್ಕಳು ಕೇಳುತ್ತಾರೆ. ಎತ್ತರ ಸಾಲದ ಮಗುವನ್ನು ಏರಿಸಲು ಸವಾರಿ ನಡೆಸುವವನ ಬಳಿ ‘ಒಂದು ಸಲ ಬಿಡಪ್ಪಾ’ ಎಂದು ಗೋಗರೆಯುವ ತಂದೆಯರನ್ನು ತಡೆಯುವುದೂ ಸಂಘದ ಕೆಲಸವೇ. ಎತ್ತರದ ಅಳತೆ ಶಿಸ್ತಿಗಾಗಿ ಇಟ್ಟದ್ದಲ್ಲ, ಕಂಬಿ ದೊಡ್ಡವರ ತೊಡೆಗೆ ನಿಂತಾಗ ಮಗು ಅಡಿಯಿಂದ ಜಾರುತ್ತದೆ ಎಂಬ ಕಾರಣಕ್ಕೆ ಇಟ್ಟದ್ದು.

ಹಾಗಾದರೆ ಎಲ್ಲಿಗೆ? ಎಲ್ಲ ವರ್ಷವೂ ಖೊಪೋಲಿಗೇ ಹೋಗಬೇಕೆಂದೇನಿಲ್ಲ. ಥಾಣೆಯ ಘೋಡ್‌ಬಂದರ್ ಕಡೆಯ ಸೂರಜ್ ವಾಟರ್ ಪಾರ್ಕ್, ಟಿಕುಜಿನಿವಾಡಿ ಹಳಬವಾದರೂ ಹತ್ತಿರದವು. ಗೊರಾಯಿಯ ವಾಟರ್ ಕಿಂಗ್‌ಡಮ್ ಇದೆ. ಅದರ ಮಗ್ಗುಲಲ್ಲೇ 2009ರಲ್ಲಿ ಅಂದಿನ ರಾಷ್ಟ್ರಪತಿ ಪ್ರತಿಭಾ ಪಾಟೀಲರು ಉದ್ಘಾಟಿಸಿದ ವಿಪಶ್ಯನಾ ಪಗೋಡಾ, ನಡುವೆ ಒಂದೂ ಕಂಬವಿಲ್ಲದ ಬೃಹತ್ ಗುಮ್ಮಟ. ನೀರಿಗಿಳಿಯದ ಹಿರಿಯರು ಕುರ್ಚಿಯಲ್ಲಿ ಬ್ಯಾಗು ಕಾಯುವ ಬದಲು ಅಲ್ಲಿ ಎರಡು ಗಂಟೆ ನೆಮ್ಮದಿಯಾಗಿ ಕಳೆದು ಬರಬಹುದು, ಪಾರ್ಕಿನ ಟಿಕೇಟೂ ಉಳಿಯಿತು. ಎರಡು ವರ್ಷಕ್ಕೊಮ್ಮೆ ದೊಡ್ಡ ಪಾರ್ಕು, ನಡುವಿನ ವರ್ಷ ಹತ್ತಿರದ ಜಾಗ ಎಂದು ಗೊತ್ತುಪಡಿಸಿದರೆ ಹಣ ಕೂಡಿಸಲೂ ಎಲ್ಲರಿಗೂ ಅವಕಾಶ. ಪರಸ್ಪರ ಸ್ಪರ್ಧೆ ಬಿಟ್ಟು ಎರಡು ಮೂರು ಉಪನಗರಗಳ ಸಂಘಗಳು ಒಟ್ಟಾಗಿ ಹೊರಟರೆ ದರ ಚೌಕಾಸಿಗೂ ಬಲ ಬರುತ್ತದೆ. ಒಂದೇ ಭಾನುವಾರ ಮೂರು ಸಂಘಗಳು ಮೂರು ಅರೆತುಂಬಿದ ಬಸ್ಸುಗಳಲ್ಲಿ ಒಂದೇ ಪಾರ್ಕಿಗೆ ಹೋಗಿ, ಅಲ್ಲಿ ಬ್ಯಾನರು ಹಿಡಿದು ಬೇರೆ ಬೇರೆ ಫೋಟೋ ತೆಗೆಸಿಕೊಂಡು ಬರುವುದರಲ್ಲಿ ಯಾರಿಗೂ ಲಾಭವಿಲ್ಲ.

ಬೇರೆ ನಗರಗಳ ಸಂಘಗಳಿಗೂ ಈ ಪ್ರಶ್ನೆ ಬಂದೇ ಇದೆ. ವಂಡರ್‌ಲಾ 2016ರಲ್ಲಿ ಹೈದರಾಬಾದಿಗೆ, 2025ರ ಡಿಸೆಂಬರ್‌ನಲ್ಲಿ ಚೆನ್ನೈಗೆ ಬಂದಿದೆ. ಅಲ್ಲಿನ ಕನ್ನಡ ಸಂಘಗಳು ಹೊಸ ಪಾರ್ಕಿಗೆ ಬಸ್ಸು ಹಿಡಿಯುವ ಮುನ್ನ ಮುಂಬಯಿಯವರನ್ನು ಒಂದು ಮಾತು ಕೇಳಿದರೆ ಪ್ಲಾಸ್ಟಿಕ್ ಕುರ್ಚಿಗಳ ಕತೆ ಸಿಕ್ಕೀತು.

ದಸರಾ ಕಳೆದ ಮೇಲೆ ಸಂಘಗಳ ಕಾರ್ಯಕಾರಿ ಸಮಿತಿಗಳಲ್ಲಿ ವಿಹಾರಕೂಟದ ದಿನಾಂಕದ ಚರ್ಚೆ ಏಳುತ್ತದೆ. ಕ್ರಿಸ್‌ಮಸ್ ರಜೆಯ ವಾರವನ್ನು ಬಿಟ್ಟು, ಜನವರಿಯ ಶಾಲಾ ಪರೀಕ್ಷೆಗಳನ್ನು ನೋಡಿಕೊಂಡು, ಹೊಟೇಲು ನೌಕರರಿಗೆ ಭಾನುವಾರ ರಜೆ ಸಿಗುವುದಿಲ್ಲವೆಂಬುದನ್ನೂ ನೆನಪಿಟ್ಟು ವಾರದ ನಡುವಿನ ಒಂದು ರಜಾದಿನ ಆರಿಸಿದರೆ ಒಳ್ಳೆಯದು. ಜನವರಿ 26 ಬಾರಿ ಬಾರಿಗೂ ಒಂದೇ ವಾರ ಬರುವುದಿಲ್ಲ. ಆದರೆ ಆ ದಿನ ಪಾರ್ಕುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ ಎಂಬುದನ್ನೂ ಸಮಿತಿಯಲ್ಲಿ ಯಾರಾದರೂ ಎದ್ದು ಹೇಳಬೇಕು.